ಫ್ರೆಂಚ್ ಹೆಂಗಸಿನ ವೈಕುಂಠ ಸಮಾರಾಧನೆ

ನಮ್ಮೂರಿನ ಜಯಗೌರಿ ಟಾಕೀಸಿನಲ್ಲಿ ಪರದೆಯ ಮೇಲೆ ಯಾರಾದರೂ ಸತ್ತರೆ ಬಾಲ್ಕನಿಯಲ್ಲಿ ಕೂತವರಿಗೆ ಹತ್ತು ದಿನ ಸೂತಕ, ಸೆಕೆಂಡ್ ಕ್ಲಾಸಿನವರಿಗೆ ಮೂರು ದಿನ. ಗಾಂಧಿ ಕ್ಲಾಸಿನವರು ಮನೆಗೆ ಹೋಗಿ ತಲೆಯ ಮೇಲೆ ಎರಡು ಚೊಂಬು ನೀರು ಸುರಿದುಕೊಂಡರೆ ಮುಗಿಯಿತು. ಹೆಚ್ಚು ದುಡ್ಡು ಕೊಟ್ಟವರು ಹತ್ತಿರದ ನೆಂಟರು, ಅಷ್ಟೆ. ಖಳನಾಯಕ ಸತ್ತರೂ ಇದೇ ನಿಯಮ; ಅವನಿಗೆ ಪಿಂಡ ಇಡುವವರು ಬೈದುಕೊಂಡೇ ಎಳ್ಳುನೀರು ಬಿಡುತ್ತಾರೆ. ಮಗಳ ಮದುವೆ ಇಟ್ಟುಕೊಂಡವರು ಲಗ್ನಪತ್ರಿಕೆ ಬರೆಸುವ ಮುಂಚೆ ಟಾಕೀಸಿನ ಮ್ಯಾನೇಜರನ್ನು ಕಂಡು, ಆ ತಿಂಗಳು ಯಾರೂ ಸಾಯದ ಚಿತ್ರ ಹಾಕಪ್ಪ ಎಂದು ಹಣ್ಣುಕಾಯಿ ಕೊಟ್ಟು ಬರುತ್ತಾರೆ. ಯುದ್ಧದ ಚಿತ್ರ ನಮ್ಮಲ್ಲಿಗೆ ಒಂದೇ ಸಲ ಬಂದದ್ದು. ಆ ವರ್ಷ ಊರಿನಲ್ಲಿ ಯಾರೂ ಹಬ್ಬ ಮಾಡಲಿಲ್ಲ.

ಒಂದು ಸಲ ಸತ್ತವರು ಮತ್ತೆ ಬರುವಂತಿಲ್ಲ. ಒಂದು ಚಿತ್ರದಲ್ಲಿ ಗುಂಡೇಟು ತಿಂದ ನಾಯಕ ಮುಂದಿನ ಚಿತ್ರದಲ್ಲಿ ಹೂತೋಟದಲ್ಲಿ ಕುಣಿಯುತ್ತ ಬಂದರೆ ನಮ್ಮವರು ರಾಮ ರಾಮ ಎಂದು ಎದ್ದು ಹೊರಡುತ್ತಾರೆ. ಕೈಯಾರೆ ಎಳ್ಳು ಬಿಟ್ಟವನು ಕುಣಿದರೆ ನೋಡುವುದು ಹೇಗೆ? ಹೀಗಾಗಿ ನಾಡೆಲ್ಲ ತಲೆಯ ಮೇಲೆ ಹೊತ್ತು ಮೆರೆಸಿದ ನಟರು ನಮ್ಮಲ್ಲಿ ಎಂದೋ ಹಾರ ಹಾಕಿದ ಫೋಟೋ ಆಗಿದ್ದಾರೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಸಾಯದ ಒಬ್ಬ ಹಾಸ್ಯನಟನೇ ನಮಗೆ ಸೂಪರ್ ಸ್ಟಾರ್. ಇದರಿಂದ ಯಾರಿಗೂ ನಷ್ಟವಾಗಿರಲಿಲ್ಲ. ನಟರು ಎಲ್ಲೋ ದೂರದವರು; ನಾವು ಇಲ್ಲಿ ಎಳ್ಳು ಬಿಟ್ಟರೆ ಅವರಿಗೆ ಅಲ್ಲಿ ಒಂದು ಸೀನೂ ಬರುವುದಿಲ್ಲ. ತೊಂದರೆ ಶುರುವಾದದ್ದು ನನ್ನ ಪಕ್ಕದ ಮನೆಯ ಸರಸಿಜ ನಾಯಕಿಯಾದಾಗ.

ಛತ್ರದ ಪಾರುಪತ್ತೇಗಾರರ ಮಗ ದತ್ತು ಊರು ಬಿಡುವಾಗ ಬರೀ ದತ್ತು ಆಗಿದ್ದ. ತಿರುಗಿ ಬಂದಾಗ ಗಡ್ಡ, ಹೆಗಲಿಗೊಂದು ಬಟ್ಟೆ ಚೀಲ, ಚೀಲದಲ್ಲಿ ಇಟ್ಟಿಗೆ ಗಾತ್ರದ ಪುಸ್ತಕ, ಹೆಸರು ನಿರ್ದೇಶಕ ದೇವದತ್ತ. ವಾಚನಾಲಯದಲ್ಲಿ ಊರಿನವರನ್ನೆಲ್ಲ ಸೇರಿಸಿ ಪುಸ್ತಕ ಎತ್ತಿ ತೋರಿಸಿದ. "ಇದು ಫ್ರೆಂಚ್ ಕ್ಲಾಸಿಕ್. ಇಡೀ ಯುರೋಪು ಇದನ್ನು ಓದಿ ಅತ್ತಿದೆ. ಇದನ್ನ ನಾನು ಇಲ್ಲೇ, ನಮ್ಮ ಜನರನ್ನೇ ಹಾಕಿಕೊಂಡು ಸಿನಿಮಾ ಮಾಡ್ತೀನಿ." ಕ್ಲಾಸಿಕ್ ಅಂದರೇನಪ್ಪ ಎಂದು ಯಾರೋ ಕೇಳಿದರು. "ನೂರೈವತ್ತು ವರ್ಷದಿಂದ ಒಂದಕ್ಷರವನ್ನೂ ಯಾರೂ ಮುಟ್ಟದೇ ಇರೋ ಪುಸ್ತಕ" ಎಂದ. "ಮುಟ್ಟದೇ ಅಂದ್ರೆ, ಓದದೇನಾ?" ಎಂದು ನಾನು ಕೇಳಿದೆ. ಅಂದಿನಿಂದ ಅವನಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ನನ್ನ ಬಾಯಿಯೇ ಹಾಗೆ. ಗಂಡ ಹೋದ ಮೇಲೆ ಒಬ್ಬಳೇ ಇರುವವಳಿಗೆ ಬಾಯೂ ಇಲ್ಲದಿದ್ದರೆ ಊರು ಹರಿದು ತಿನ್ನುತ್ತದೆ.

ಕಥೆ ಇಷ್ಟು. ಗಡಿಯಾರ ರಿಪೇರಿಯವನೊಬ್ಬನ ಹೆಂಡತಿ ಕ್ಲೆಮಾಂಸ್. ಗಂಡನಿಗೆ ಗಡಿಯಾರ ಬಿಟ್ಟು ಬೇರೇನೂ ಕಾಣುವುದಿಲ್ಲ. ಅವಳಿಗೆ ಪಿಯಾನೋ ಮೇಷ್ಟರ ಮೇಲೆ ಮನಸ್ಸಾಗುತ್ತದೆ. ಓಡಿಹೋಗೋಣ ಎಂದು ಅವನು ಮಾತು ಕೊಡುತ್ತಾನೆ. ಇವಳು ಹಿಮ ಬೀಳುವ ರೈಲ್ವೆ ಸ್ಟೇಷನ್ನಿನಲ್ಲಿ ಕಾಯುತ್ತಾಳೆ, ಅವನು ಬರುವುದಿಲ್ಲ. ಇಷ್ಟು ಹೇಳಿ ದತ್ತು ಕಣ್ಣು ಒರೆಸಿಕೊಂಡು ಕೂತುಬಿಟ್ಟ. ಆಮೇಲೇನಾಯಿತು ಎಂದು ಒಬ್ಬರೂ ಕೇಳಲಿಲ್ಲ. ನಮ್ಮಲ್ಲಿ ಹರಿಕಥೆಯಾಗಲಿ ಬಯಲಾಟವಾಗಲಿ ಮಂಗಳ ಹಾಡದೆ ಮುಗಿಯುವುದಿಲ್ಲ. ಅಷ್ಟು ವರ್ಷ ಜನ ಕಾಪಾಡಿಕೊಂಡು ಬಂದ ಕಥೆ ಅಂದಮೇಲೆ ಕೊನೆಗೆ ಗಂಡ ಹೆಂಡತಿ ಒಂದಾಗಿ ಸತ್ಯನಾರಾಯಣ ಪೂಜೆಯನ್ನೋ ಅವರ ಕಡೆಯ ಯಾವುದೋ ಪೂಜೆಯನ್ನೋ ಮಾಡಿಯೇ ಇರುತ್ತಾರೆ ಎಂದು ಎಲ್ಲರೂ ತಮ್ಮ ಪಾಡಿಗೆ ತಿಳಿದುಕೊಂಡರು.

ನಾಯಕಿ ಪಟ್ಟಣದಿಂದ ಬಂದಿದ್ದಳು. ಬಸ್ಸಿನಿಂದ ಇಳಿದು ನಮ್ಮ ಬಿಸಿಲಿಗೆ ಒಂದು ಕೈ ಅಡ್ಡ ಹಿಡಿದಳು, ಅದೇ ಬಸ್ಸಿಗೆ ಹತ್ತಿ ಹೋದಳು. ದತ್ತು ತಲೆಯ ಮೇಲೆ ಕೈ ಹೊತ್ತು ಪಕ್ಕದ ಮನೆಯ ವಾಮನಮೂರ್ತಿಯ ಹಜಾರದಲ್ಲಿ ಕೂತಿದ್ದ. ಆ ಮನೆಯಲ್ಲಿ ತಾತನ ಕಾಲದ, ಆಳೆತ್ತರದ ಗಡಿಯಾರವಿದೆ. ನಡೆಯುವುದಿಲ್ಲ, ಆದರೆ ನಿಂತಿರುವ ಗತ್ತೇನೂ ಕಡಿಮೆಯಾಗಿಲ್ಲ. ಅದಕ್ಕಾಗಿಯೇ ಶೂಟಿಂಗಿಗೆ ಆ ಮನೆ ಗೊತ್ತುಮಾಡಿದ್ದರು. ಆಗ ಸರಸಿಜ ಕಾಫಿ ತಂದಳು. ದತ್ತು ಲೋಟ ತೆಗೆದುಕೊಳ್ಳದೆ ಅವಳ ಮುಖವನ್ನೇ ನೋಡಿದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಮದುವೆಯಾಗಿ ಅಷ್ಟು ವರ್ಷವಾದರೂ ಅವಳ ಮುಖ ಹೇಗಿದೆ ಎಂದು ವಾಮನಮೂರ್ತಿಗೆ ಗೊತ್ತಾದದ್ದೂ ಆಗಲೇ. ಅತ್ತೆ ಭಾಗೀರತಮ್ಮ ಮೊದಲು ಬೇಡವೆಂದರು. ಗಡಿಯಾರ ಮತ್ತೆ ಮತ್ತೆ ಕಾಣಿಸುತ್ತದೆ ಎಂದಮೇಲೆ ಒಪ್ಪಿದರು. ಸರಸಿಜಳನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವಳು ಕುಣಿದುಕೊಂಡು ಒಪ್ಪುತ್ತಿದ್ದಳು ಅನ್ನುವುದು ಬೇರೆ ಮಾತು.

ಶೂಟಿಂಗ್ ನಡೆದದ್ದು ನೆತ್ತಿ ಸುಡುವ ಬೇಸಿಗೆಯಲ್ಲಿ. ಹಿಮಕ್ಕೆಂದು ಊರಿನ ಹಾಸಿಗೆಗಳನ್ನೆಲ್ಲ ಬಿಚ್ಚಿ ಹತ್ತಿ ಹಾರಿಸಿದರು. ಪಿಯಾನೋ ಇರಲಿಲ್ಲ, ಭಜನಾ ಮಂಡಳಿಯ ಹಾರ್ಮೋನಿಯಂ ಬಂತು. ಮೇಷ್ಟರ ಪಾತ್ರಕ್ಕೆ ಸೊಸೈಟಿಯ ಸೆಕ್ರೆಟರಿ ನರಹರಿ ಬಂದ. ದ್ರಾಕ್ಷಾರಸದ ಬದಲು ಬಾದಾಮಿ ಹಾಲು, ಚರ್ಚಿನ ಬದಲು ಮಠ, ಕ್ಲೆಮಾಂಸ್ ಬದಲು ಕ್ಷಮಾ. ಪುಸ್ತಕದಲ್ಲಿ ಅವರಿಬ್ಬರೂ ಮುತ್ತಿಡುವ ಕಡೆ ಇಲ್ಲಿ ಒಂದೇ ತಟ್ಟೆಯಿಂದ ಕೋಡುಬಳೆ ತಿಂದರು. ಹೆಂಡತಿ ಎದುರಿಗೇ ಕೂತಿದ್ದರಿಂದ ನರಹರಿ ಅದನ್ನೂ ನಡುಗುತ್ತಲೇ ತಿಂದ. ಸರಸಿಜ ಎರಡು ಕಂಬಳಿ ಹೊದ್ದು ಬೆವರುತ್ತಿದ್ದಳು. ದತ್ತು ಬನಿಯನ್ನಿನಲ್ಲಿ ನಿಂತು "ಚಳಿ ಸಾಲದು, ಇನ್ನೂ ಚಳಿ!" ಎಂದು ಕೂಗುತ್ತಿದ್ದ.

ಅವಳು ಮಾತ್ರ ಹಾಗೆ ನಗುವುದನ್ನು ನಾನು ಹಿಂದೆ ಕಂಡಿರಲಿಲ್ಲ. ನಮ್ಮಿಬ್ಬರ ಹಿತ್ತಲಿನ ನಡುವೆ ಎದೆಮಟ್ಟದ ಗೋಡೆ. ಶೂಟಿಂಗ್ ಮುಗಿಸಿ ಮನೆಮಂದಿಗೆಲ್ಲ ಅಡುಗೆ ಮಾಡಿ ಬಡಿಸಿ, ಪಾತ್ರೆ ತೊಳೆಯಲು ಬಂದವಳು ಗೋಡೆಗೆ ಒರಗಿ ನಿಲ್ಲುತ್ತಿದ್ದಳು. "ಪದ್ದಕ್ಕ, ಇವತ್ತು ನಾನು ಸುಮ್ನೆ ಕಿಟಕಿ ಕಡೆ ತಿರುಗಿದೆ ಅಷ್ಟೆ. ಅಷ್ಟೂ ಜನ ಮಾತು ನಿಲ್ಸಿ ನೋಡ್ತಾ ನಿಂತ್ರು. ಈ ಮನೇಲಿ ನಾನು ಬಾಯ್ಬಿಟ್ಟು ಕೂಗಿದ್ರೂ ಯಾರೂ ತಿರುಗಲ್ಲ" ಅಂದಳು ಒಂದು ದಿನ. ನಾನು ಗೋಡೆಯಾಚೆ ಕೈ ಚಾಚಿ ಅವಳ ಕೈಯ ಪಾತ್ರೆ ತೆಗೆದುಕೊಂಡು ಉಜ್ಜತೊಡಗಿದೆ.

ನಮ್ಮ ಟಾಕೀಸಿನ ಮುಂದೆ ಒಂದು ಕರಿಹಲಗೆ ಇದೆ. ಚಿತ್ರದ ಹೆಸರು, ಆಟದ ವೇಳೆ, ಅದರ ಕೆಳಗೆ ಸಾವು ಎಷ್ಟು ಎಂದು ಮ್ಯಾನೇಜರು ಬರೆಯಬೇಕು. ಜನ ಅದನ್ನು ನೋಡಿಯೇ ಟಿಕೆಟ್ಟಿನ ದರ್ಜೆ ತೀರ್ಮಾನಿಸುವುದು. ಬಿಡುಗಡೆಗೆ ಮುಂಚಿನ ವಾರ ದತ್ತುವನ್ನು ಕೇಳಿ ಮ್ಯಾನೇಜರು ಹಲಗೆಯ ಮೇಲೆ ಬರೆದ: "ಸಾವು: ಒಂದು. ನಾಯಕಿ." ಹಾಲಿನವನು ಓದಿ ಮನೆಮನೆಗೂ ಹೇಳಿಕೊಂಡು ಬಂದ. ಕೊನೆಯ ಸೀನಿನಲ್ಲಿ ಸರಸಿಜ ಜ್ವರ ಬಂದು ಕಂಬಳಿ ಹೊದ್ದು ಮಲಗಿ ಕಣ್ಣು ಮುಚ್ಚಿದ್ದನ್ನು ಎಲ್ಲರೂ ನಿಂತು ನೋಡಿದ್ದರು, ಚೆನ್ನಾಗಿ ನಿದ್ದೆ ಮಾಡಿದಳು ಎಂದು ಹೊಗಳಿದ್ದರು. ಅದು ಸಾವು ಎಂದು ಯಾರ ತಲೆಗೂ ಹೊಳೆದಿರಲಿಲ್ಲ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಎಲ್ಲರೂ ವಾಚನಾಲಯಕ್ಕೆ ಓಡಿದರು.

"ದತ್ತು, ಕೊನೇಲಿ ಜ್ವರ ಬಿಡಿಸಿಬಿಡಪ್ಪ" ಎಂದ ವಾಮನಮೂರ್ತಿ. "ಒಂದು ಲೋಟ ಕಷಾಯ ಕುಡ್ಸು, ಎದ್ದು ಕೂತ್ಕೊಳ್ಲಿ. ಇಲ್ದಿದ್ರೆ ಇವ್ಳು ನಿಜವಾಗ್ಲೂ ಹೋಗ್ಬಿಡ್ತಾಳೆ."

ದತ್ತು ಪುಸ್ತಕವನ್ನು ಎದೆಗೆ ಒತ್ತಿಕೊಂಡ. "ಕ್ಲಾಸಿಕ್ ಕಣೋ ಇದು. ಬದಲಾಯಿಸೋ ಹಕ್ಕು ನನಗಿಲ್ಲ. ನಾಳೆ ಫ್ರಾನ್ಸಿನವರು ಬಂದು ಕೇಳಿದ್ರೆ ಏನು ಮುಖ ಇಟ್ಕೊಂಡು ಉತ್ತರ ಕೊಡ್ಲಿ?"

"ಹಿಮ ಹೋಗಿ ಹತ್ತಿ ಬಂತು, ಮುತ್ತು ಹೋಗಿ ಕೋಡುಬಳೆ ಬಂತು" ಎಂದೆ ನಾನು. "ಅಷ್ಟೆಲ್ಲ ಬದಲಾಯಿಸಿದ ಕೈಗೆ ಒಂದು ಲೋಟ ಕಷಾಯ ಭಾರವಾಯ್ತೇನಪ್ಪ?"

"ಅದೆಲ್ಲ ದೇಹ ಪದ್ದಕ್ಕ. ಸಾವು ಆತ್ಮ. ಆತ್ಮಾನ ಮುಟ್ಟಬಾರ್ದು" ಎಂದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ ಸರಸಿಜ ಆಗ ಬಾಯಿ ತೆರೆದಳು. "ಹಾಗಾದ್ರೆ ಈ ಊರಲ್ಲಿ ಹಾಕೋದೇ ಬೇಡ. ಬೇರೆ ಎಲ್ಲಿ ಬೇಕಾದ್ರೂ ಹಾಕಿ. ನಾನು ಬದುಕಿರ್ತೀನಿ." ಸರಿಯಾದ ಮಾತು, ಸುಲಭದ ಮಾತು. ಆದರೆ ಊರಿಗೆ ಊರೇ ನೆಲ ನೋಡತೊಡಗಿತು. ಏಕೆಂದರೆ ಆ ಚಿತ್ರದಲ್ಲಿ ಎಲ್ಲರೂ ಇದ್ದರು. ಕ್ಷೌರದ ಪುಟ್ಟಸ್ವಾಮಿ ಸ್ಟೇಷನ್ ಮಾಸ್ತರನಾಗಿದ್ದ, ಪುರೋಹಿತ ಶೇಷಾವಧಾನಿಗಳು ಡಾಕ್ಟರಾಗಿ ಸ್ಟೆತಸ್ಕೋಪು ಹಿಡಿದಿದ್ದರು, ಹಾಲಿನವನ ಎಮ್ಮೆ ಎರಡು ಕಡೆ ಬರುತ್ತಿತ್ತು. ಭಾಗೀರತಮ್ಮ ಗಡಿಯಾರ ತೋರಿಸಲೆಂದು ದೂರದ ನೆಂಟರಿಗೆಲ್ಲ ಹೇಳಿಕಳಿಸಿ ಆಗಿತ್ತು. "ಒಬ್ಬಳ ಸಲುವಾಗಿ ಇಡೀ ಊರಿನ ಆಸೆಗೆ ಕಲ್ಲು ಹಾಕೋದು ಧರ್ಮವೇ?" ಎಂದು ಹಾಲಿನವನೇ ಕೇಳಿದ. ಸರಸಿಜ ಗಂಡನ ಕಡೆ ನೋಡಿದಳು. ವಾಮನಮೂರ್ತಿ ಅವಧಾನಿಗಳ ಕಡೆ ನೋಡಿದ. "ಏನಾದ್ರೂ ಪ್ರಾಯಶ್ಚಿತ್ತ ಇದ್ದೇ ಇರುತ್ತೆ, ಅಲ್ವಾ?" ಅಂದ. ಶಾಸ್ತ್ರದಲ್ಲಿ ನೋಡಬೇಕು ಎಂದರು ಅವಧಾನಿಗಳು. ಇವತ್ತಿನವರೆಗೂ ನೋಡಿಲ್ಲ.

ಮ್ಯಾಟಿನಿ ಆಟಕ್ಕೆ ನಾನೂ ಅವಳೂ ಗಾಂಧಿ ಕ್ಲಾಸಿನಲ್ಲಿ ಕೂತೆವು. ಅತ್ತೆ, ಗಂಡ, ನೆಂಟರು ಎಲ್ಲ ಬಾಲ್ಕನಿ. ಗಡಿಯಾರ ಬಂದಾಗ ಮೇಲಿನಿಂದ ಚಪ್ಪಾಳೆ, ಎಮ್ಮೆ ಬಂದಾಗ ಶಿಳ್ಳೆ. ನಿಜ ಹೇಳಬೇಕೆಂದರೆ ಇಡೀ ಚಿತ್ರದಲ್ಲಿ ನೋಡುವಂಥದ್ದು ಇದ್ದದ್ದು ಅವಳ ಮುಖವೊಂದೇ. ಹತ್ತಿಯ ಹಿಮದಲ್ಲಿ ಬಾರದವನಿಗಾಗಿ ಅವಳು ಕಾಯುವಾಗ ನನಗೆ ಹತ್ತಿ ಕಾಣಲಿಲ್ಲ, ಚಳಿಯೇ ಕಂಡಿತು. ಕೊನೆಗೆ ಕಣ್ಣು ಮುಚ್ಚಿದಳು. ಬಾಲ್ಕನಿಯಿಂದ "ಅಯ್ಯೋ ಸರಸೀ!" ಎಂದು ಭಾಗೀರತಮ್ಮ ಎದೆ ಬಡಿದುಕೊಂಡದ್ದು ಕೇಳಿಸಿತು. ಬೆಂಚಿನ ಮೇಲೆ ನಮ್ಮ ಪಕ್ಕ ಕೂತವರು ಒಬ್ಬೊಬ್ಬರಾಗಿ ಸರಿದು ದೂರ ಕೂತರು. ದೀಪ ಹತ್ತಿದಾಗ ಅವಳ ಕಣ್ಣನ್ನು ಯಾರೂ ನೋಡಲಿಲ್ಲ. ಅವಳು ಮನೆಗೆ ಬರುವಷ್ಟರಲ್ಲಿ ಬಾಗಿಲು ಮುಚ್ಚಿ, ಮಲಗುತ್ತಿದ್ದ ಜಾಗದಲ್ಲಿ ದೀಪ ಹಚ್ಚಿಟ್ಟಿದ್ದರು. ಕದ ತಟ್ಟಿದಳು. ಒಳಗಿನಿಂದ ಅತ್ತೆ, "ಹೋದವರು ಹಾಗೆಲ್ಲ ತಿರುಗಿ ಬರಬಾರದಮ್ಮ" ಎಂದು ಗಾಳಿಗೆ ಹೇಳುವ ಹಾಗೆ ಹೇಳಿದರು.

ನನ್ನ ಹಿತ್ತಲಿನ ಕೋಣೆ ಖಾಲಿ ಇತ್ತು, ಕರೆದುಕೊಂಡು ಬಂದೆ. ವಿಧವೆಯ ಮನೆಗೆ ಸತ್ತವಳು ಬಂದರೆ ಯಾರಿಗೂ ಅಭ್ಯಂತರವಿರಲಿಲ್ಲ. ಎರಡು ದಿನ ಅತ್ತಳು. "ನಾನು ಎದುರಿಗೇ ಬಂದ್ರೂ ಅವ್ರು ಕಾಣ್ದೋರ ಹಾಗೆ ಹೋದ್ರು ಪದ್ದಕ್ಕ. ಪ್ರಾಯಶ್ಚಿತ್ತ ಇರುತ್ತೆ ಅಂದಿದ್ರಲ್ಲ" ಎಂದು ಗಂಡನ ಬಗ್ಗೆ ಮತ್ತೆ ಮತ್ತೆ ಹೇಳಿ ಅತ್ತಳು. ನಾನು ಅವಳಿಗೆ ತಿಳಿಸಾರು ಅನ್ನ ಕಲಸಿ ಕೊಟ್ಟೆ. ಸತ್ತವರಿಗೂ ಹಸಿವಾಗುತ್ತದೆ.

ಹತ್ತನೆಯ ದಿನ ಪಕ್ಕದ ಹಿತ್ತಲಿನಲ್ಲಿ, ಗೋಡೆಗಂಟಿದ ಕಟ್ಟೆಯ ಮೇಲೆ, ಎಲೆಯಲ್ಲಿ ಪಿಂಡ, ವಡೆ ಇಟ್ಟರು. ಕಾಗೆ ಬರಲಿಲ್ಲ. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಅದೇನೆಂದು ಊಹಿಸಿ ನಡೆಸಿಕೊಡುತ್ತೇವೆ ಎಂದು ಮಾತು ಕೊಡಬೇಕು. ಗೋಡೆಯ ಈಚೆ ನಾವಿಬ್ಬರೂ ಕೂತು ಕೇಳಿದೆವು. "ನಿನ್ನ ಬಳೆ ನಿನ್ನ ತಂಗಿಗೇ ಕೊಡ್ತೀವಿ" ಎಂದರು ಅತ್ತೆ. ಕಾಗೆ ಬರಲಿಲ್ಲ. "ನಿನ್ನ ತುಳಸಿಗೆ ದಿನಾ ನೀರು ಹಾಕ್ತೀವಿ." ಇಲ್ಲ. "ವರ್ಷಾಬ್ದಿಕಕ್ಕೆ ನಿನಗಿಷ್ಟ ಅಂತ ಹಯಗ್ರೀವ ಮಾಡ್ತೀವಿ" ಎಂದ ವಾಮನಮೂರ್ತಿ. "ಹಯಗ್ರೀವ ಅವ್ರಿಗಿಷ್ಟ, ನಂಗಲ್ಲ" ಎಂದಳು ಸರಸಿಜ ನನ್ನ ಕಿವಿಯಲ್ಲಿ. ಬದುಕಿದ್ದಾಗ ಒಂದು ಸಲ ಕೇಳದವರು ಈಗ ಕಾಗೆಯನ್ನು ಕೇಳುತ್ತಿದ್ದರು. ಬಿಸಿಲು ಏರಿತು, ಅವಧಾನಿಗಳಿಗೆ ಹೊಟ್ಟೆ ಚುರುಗುಟ್ಟಿತು. ಕೊನೆಗೆ ಇವಳಿಗೇ ಕನಿಕರ ಬಂತೋ ಸಿಟ್ಟು ಬಂತೋ, ಎದ್ದು ಗೋಡೆಯಾಚೆ ಕೈ ಚಾಚಿ ಎಲೆಯಲ್ಲಿದ್ದ ವಡೆ ಎತ್ತಿಕೊಂಡು ಕಚ್ಚಿದಳು. ಆಚೆಯವರು ಒಮ್ಮೆ ವಡೆ ಹೋದ ಎಲೆ ನೋಡಿದರು, ಒಮ್ಮೆ ನೆತ್ತಿಯ ಸೂರ್ಯನನ್ನು ನೋಡಿದರು. ಆಮೇಲೆ ಅವಧಾನಿಗಳು "ಮುಟ್ಟಿತು, ಮುಟ್ಟಿತು, ಎಲೆ ಹಾಕಿ" ಎಂದರು.

ವೈಕುಂಠ ಸಮಾರಾಧನೆಗೆ ಬಾಲ್ಕನಿಗೆ ಬಾಲ್ಕನಿಯೇ ಬಂದಿತ್ತು. ಎದುರು ಮಾತಾಡಿದವಳಲ್ಲ, ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದರು. ಅವಳ ಕೈಯ ಹುಳಿಯನ್ನು ನೆನೆದು ವಾಮನಮೂರ್ತಿ ಬಿಕ್ಕಿದ. ಸರಸಿಜ ಗೋಡೆಗೆ ಕಿವಿಯಿಟ್ಟು ಕೇಳಿ, "ಇದ್ರಲ್ಲಿ ಒಂದೇ ಒಂದು ಮಾತು ಮುಂಚೆ ಹೇಳಿದ್ರೆ ಸಾಕಿತ್ತು" ಅಂದಳು. ಅಂದವಳೇ ಕಣ್ಣೊರೆಸಿಕೊಂಡು, ಚಪ್ಪಲಿ ಮೆಟ್ಟಿ, ಬೀದಿಗೆ ಹೊರಟಳು. ಮೂಲೆಯ ಬಂಡಿಯಲ್ಲಿ ಮೆಣಸಿನಕಾಯಿ ಬಜ್ಜಿ ತಿಂದಳು. ನಮ್ಮ ಬೀದಿಯ ಸೊಸೆ ನಿಂತು ಬಜ್ಜಿ ತಿಂದರೆ ಸಂಜೆಗೆ ಊರೆಲ್ಲ ಸುದ್ದಿ. ಸತ್ತವಳು ತಿಂದರೆ ಏನೆಂದು ಸುದ್ದಿ ಮಾಡುವುದು?

ಅಲ್ಲಿಂದ ಅವಳಿಗೆ ಹಿಡಿತವೇ ಇರಲಿಲ್ಲ. ಬಿಸಿಲೇರುವವರೆಗೆ ಮಲಗಿದಳು. ಕೆರೆ ಏರಿಯ ಮೇಲೆ ಒಬ್ಬಳೇ ಗಟ್ಟಿಯಾಗಿ ಹಾಡಿಕೊಂಡು ಅಡ್ಡಾಡಿದಳು. ಬಾಲ್ಕನಿಯ ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತು ಸಿನಿಮಾ ನೋಡಿದಳು. ಅವಳಿಗೆ ಸೂತಕದ ಭಯವೇನು? ಛತ್ರದ ಹಿಂದಿನ ಕೊಟ್ಟಿಗೆಯಲ್ಲಿ ಗಾಂಧಿ ಕ್ಲಾಸಿನ ಮಕ್ಕಳನ್ನು ಸೇರಿಸಿ ನಾಟಕ ಕಲಿಸತೊಡಗಿದಳು, ಅವರ ಸೂತಕ ಎರಡು ಚೊಂಬಿನಲ್ಲಿ ತೊಳೆದು ಹೋಗಿತ್ತಲ್ಲ. ಎಲ್ಲಿಗೆ ಹೋಗಿದ್ದೆ, ಯಾಕೆ ತಡವಾಯಿತು ಎಂದು ಕೇಳುವ ಬಾಯಿಗಳೆಲ್ಲ ಅವಳಿಗೆ ಎಳ್ಳುನೀರು ಬಿಟ್ಟು ಮುಚ್ಚಿಕೊಂಡಿದ್ದವು.

ಪಕ್ಕದ ಮನೆಯಲ್ಲಿ ಮಾತ್ರ ಹೊತ್ತು ಹೊತ್ತಿಗೂ ಉಪ್ಪಿಟ್ಟು. ಭಾಗೀರತಮ್ಮ ಮಂಡಿ ಹಿಡಿದುಕೊಂಡು ಮತ್ತೆ ಒಲೆಯ ಮುಂದೆ ಕೂತರು. ವಾಮನಮೂರ್ತಿಗೆ ಎರಡನೆಯ ಸಂಬಂಧ ನೋಡಿದರು. ಹೆಣ್ಣಿನ ಕಡೆಯವರು ಬಂದರು, ಗಡಿಯಾರ ಮೆಚ್ಚಿದರು, ಹೊರಡುವಾಗ ಮೂಲೆಯಲ್ಲಿ ಮೊದಲನೆಯವಳು ಬಜ್ಜಿ ತಿನ್ನುತ್ತ ನಿಂತಿದ್ದನ್ನು ಕಂಡು ಹಾಗೇ ಹೋದರು. ಸತ್ತವಳು ಇಷ್ಟು ದಷ್ಟಪುಷ್ಟವಾಗಿದ್ದರೆ ಮಗಳನ್ನು ಕೊಡುವುದು ಹೇಗೆ ಎಂದು ಹೇಳಿಕಳಿಸಿದರು.

ಕೊನೆಗೆ ನನ್ನ ಹಿತ್ತಲಿಗೆ ನಿಯೋಗ ಬಂತು. ಅವಧಾನಿಗಳು, ತಾಯಿ, ಮಗ, ಹಿಂದೆ ದತ್ತು. ಹೊರಗಿನ ಊರುಗಳಲ್ಲಿ ಅವನ ಚಿತ್ರಕ್ಕೆ ಬಂದ ಜನ ಮಧ್ಯಂತರದಲ್ಲೇ ಕಡಲೆಕಾಯಿ ಮುಗಿಸಿ ಹೋಗಿದ್ದರು. ಅವನ ಆತ್ಮವೂ ಸ್ವಲ್ಪ ಮೆತ್ತಗಾಗಿತ್ತು. ಸತ್ತವಳ ಜೊತೆ ನೇರ ಮಾತಾಡುವಂತಿಲ್ಲ, ನನ್ನ ಕಡೆ ತಿರುಗಿ ಮಾತಾಡಿದರು.

"ಪದ್ದಕ್ಕ, ಅವಳಿಗೆ ಹೇಳಿ" ಎಂದ ವಾಮನಮೂರ್ತಿ. "ದತ್ತು ಎರಡನೇ ಭಾಗ ತೆಗೀತಾನಂತೆ. ಮೊದಲ ಸೀನಲ್ಲೇ ಕಷಾಯ ಕುಡಿದು ಎದ್ದು ಕೂತ್ಕೋತಾಳೆ. ಪರದೆ ಮೇಲೆ ಎದ್ರೆ ಎದ್ದ ಹಾಗೇ ಅಂತ ಅವಧಾನಿಗಳು ಒಪ್ಪಿದಾರೆ. ಅವತ್ತೇ ಮನೆಗೆ ಬರಬಹುದು."

ಸರಸಿಜ ಒಗೆದ ಸೀರೆಯನ್ನು ಹಗ್ಗಕ್ಕೆ ಹರಡುತ್ತಿದ್ದಳು. ತಿರುಗಲಿಲ್ಲ. "ಪದ್ದಕ್ಕ, ಅವರಿಗೆ ಹೇಳಿ. ಪುಸ್ತಕದಲ್ಲಿ ಅವಳು ಏಳೋದಿಲ್ಲ. ಕ್ಲಾಸಿಕ್ ಅದು. ಬದಲಾಯಿಸಿದ್ರೆ ಫ್ರಾನ್ಸಿನವರು ಬೇಜಾರು ಮಾಡ್ಕೋತಾರೆ."

ನನಗೆ ಹೇಳುವ ಕೆಲಸವೇ ಉಳಿಯಲಿಲ್ಲ. ದತ್ತುವಿನ ಮುಖಕ್ಕೆ ಆದ ಮಂಗಳಾರತಿ ಕಣ್ತುಂಬ ನೋಡಿದೆ. ವಾಮನಮೂರ್ತಿ ಅಳುವುದಕ್ಕೆ ಬಾಯಿ ತೆರೆದ, ಸೂತಕ ಕಳೆದ ಮೇಲೆ ಅಳಬಾರದು ಎಂದು ಅವಧಾನಿಗಳು ಕೈ ಹಿಡಿದು ಕರೆದುಕೊಂಡು ಹೋದರು. ದತ್ತು ಮಾತ್ರ ಹಿತ್ತಲ ಜಗಲಿಯ ಮೇಲೆ ಕೂತು, ಇನ್ನೊಂದು ಫ್ರೆಂಚ್ ಕಾದಂಬರಿ ಇದೆ, ಇದಕ್ಕಿಂತ ದೊಡ್ಡದು, ಅದನ್ನು ಮಾಡುತ್ತೇನೆ ಎಂದು ಗೊಣಗಿದ.

ಆ ಸುದ್ದಿ ಹೇಗೆ ಹಬ್ಬಿತೋ ಕಾಣೆ. ಸ್ವಲ್ಪ ಹೊತ್ತಿಗೆಲ್ಲ ಪುಟ್ಟಸ್ವಾಮಿಯ ಹೆಂಡತಿ ಮೊಸರು ಕಡ ಕೇಳುವ ನೆಪದಲ್ಲಿ ಬಂದು, ಹೊಸ ಕಾದಂಬರಿಯಲ್ಲಿ ಹೆಂಗಸರು ಎಷ್ಟು ಜನ ಸಾಯುತ್ತಾರೆ ಎಂದು ಕೇಳಿದಳು. ನರಹರಿಯ ಹೆಂಡತಿ ಬಂದಳು, ಶೇಷಾವಧಾನಿಗಳ ಹಿರಿಯ ಸೊಸೆ ಬಂದಳು. ಬೆಂಕಿಯಾದರೂ ಸರಿ ಪ್ಲೇಗಾದರೂ ಸರಿ ಎಂದರು. ದತ್ತುವಿಗೆ ತಲೆಬುಡ ತಿಳಿಯಲಿಲ್ಲ. ತನ್ನ ಕಲೆ ಕೊನೆಗೂ ಜನರನ್ನು ಮುಟ್ಟಿತು ಎಂದು ಹಿಗ್ಗಿದ.

ಎಲ್ಲರೂ ಹೋದ ಮೇಲೆ ಹಿತ್ತಲ ಬಾಗಿಲು ಕಿರುಗುಟ್ಟಿತು. ಭಾಗೀರತಮ್ಮ. ಸೆರಗಿನಲ್ಲಿ ಒಲೆಯ ಮಸಿ, ಒಂದು ಕೈ ಮಂಡಿಯ ಮೇಲೆ. ಸರಸಿಜಳ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. "ದತ್ತು, ನಂಗೂ ಏನಾದ್ರೂ ಪಾತ್ರ ಇದ್ರೆ ನೋಡಪ್ಪ" ಅಂದರು. "ಮಾತು ಇಲ್ದಿದ್ರೂ ಪರವಾಗಿಲ್ಲ. ಹದಿನಾಲ್ಕನೇ ವಯಸ್ಸಿಗೇ ಆ ಒಲೆ ಮುಂದೆ ಕೂತೋಳು. ಸಾಯೋದೊಂದು ಇದ್ರೆ ಸಾಕು."

ದತ್ತು ಬೆಪ್ಪಾಗಿ ಕೂತಿದ್ದ. ಸರಸಿಜ ಹಗ್ಗದಿಂದ ತೆಗೆದು ಮಡಿಸುತ್ತಿದ್ದ ಸೀರೆಯನ್ನು ಕಲ್ಲಿನ ಮೇಲಿಟ್ಟು, ಕೋಣೆಯಿಂದ ಚಾಪೆ ತಂದು ಜಗಲಿಯ ಮೇಲೆ ಹಾಸಿದಳು.

"ಬನ್ನಿ ಅತ್ತೆ, ಮಲಗಿ" ಎಂದಳು. "ಉಸಿರು ಹೇಗೆ ಬಿಗಿಹಿಡಿಯೋದು ಅಂತ ಹೇಳ್ಕೊಡ್ತೀನಿ."